ಗಾಳಿಗೆ ಕಟ್ಟಿದ ಹಗ್ಗ

ಜೂನ್ ತಿಂಗಳ ಐದೂವರೆಗೆ
ಪುಂತಾ ಅರೇನಸ್ಸಿನಲ್ಲಿ ನಡುರಾತ್ರಿಯಷ್ಟು ಕತ್ತಲು.
ಔಷಧದಂಗಡಿಯ ಶಟರ್ ಅರ್ಧ ಎಳೆದಿದ್ದೆ.
ಅವನು ಕೇಳಿದ್ದು ಕೆಮ್ಮಿನ ಸಿರಪ್ಪು.
ಕಪಾಟಿನತ್ತ ತಿರುಗಿದೆ.
ಅಷ್ಟೆ. ಮಿಕ್ಕಿದ್ದನ್ನು ಪೊಲೀಸರ ಕಾಗದದಲ್ಲಿ ಬರೆದುಕೊಟ್ಟಿದ್ದೇನೆ,
ಇಲ್ಲಿ ಮತ್ತೆ ಬರೆಯುವುದಿಲ್ಲ.

ಕೊರಳ ಗುರುತು ಹದಿನೈದು ದಿನಕ್ಕೆ ಹಳದಿಗಟ್ಟಿ ಮಾಸಿತು.
“ಸದ್ಯ, ದುಡ್ಡು ತಾನೇ ಹೋದದ್ದು” ಅಂದರು ಬಂದವರೆಲ್ಲ,
ಕುಂಬಳದ ಸೊಪೈಪಿಯಾ ತಿಂದು, ಕೈ ಒರೆಸಿಕೊಂಡು ಎದ್ದು ಹೋದರು.
ಆಮೇಲೆ ಶುರುವಾಯಿತು.

ಬೀದಿಯಲ್ಲಿ ಯಾರು ಕೆಮ್ಮಿದರೂ ಬೆವರು.
ಎದೆಯೊಳಗೆ ಸಡಿಲಾದ ತಗಡು ಬಡಿದುಕೊಂಡಂತೆ.
ತಲೆ ಬಾಚುವುದು ಬಿಟ್ಟೆ, ಪರದೆ ಸರಿಸುವುದು ಬಿಟ್ಟೆ.
ತಿರುಗಬಾರದಿತ್ತು ಇಸ್ಮೇನಿಯಾ, ತಿರುಗಬಾರದಿತ್ತು
ಎಂದು ದಿನವಿಡೀ, ಜಪದ ಮಣಿ ಸವೆಯುವಷ್ಟು.

ತಮಾಷೆ ನೋಡಿ,
ಇಪ್ಪತ್ತೆರಡು ವರ್ಷ ಈ ಊರಿನ ನಿದ್ದೆಯನ್ನು
ಚೀಟಿ ನೋಡಿ ಎಣಿಸಿ ಕೊಟ್ಟವಳು ನಾನು,
“ರಾತ್ರಿ ಒಂದು, ಊಟದ ನಂತರ” ಎಂದು,
ಯಾರ ಮುಖವನ್ನೂ ಸರಿಯಾಗಿ ನೋಡದೆ.

ಆಸ್ಪತ್ರೆಯ ಒಯಾರ್ಸೊ ಮೇಡಂ
ಧೈರ್ಯ ತಂದುಕೋ ಅನ್ನಲಿಲ್ಲ.
ಕೇಳಿದ್ದು ಒಂದೇ: “ಪಾದ ಈಗ ಎಲ್ಲಿವೆ?”
ನೋಡಿದೆ. ನೆಲದ ಮೇಲಿದ್ದವು.
ಎರಡೂ.

ರಾತ್ರಿ ಮೂರಕ್ಕೆ ಅದು ಬಂದಾಗ
ಕಂಡದ್ದರ ಹೆಸರು ಹೇಳುತ್ತೇನೆ, ಬಾಯಿಬಿಟ್ಟು:
ಒಲೆ. ಒಲೆಯ ನೀಲಿ ಉರಿ.
ಕಿಟಕಿಯ ಸಂದಿಗೆ ತುರುಕಿದ ಹಳೆ ಕಾಲುಚೀಲ.
ಅಮ್ಮನ ತೂತುಬಿದ್ದ ಕೆಟಲ್ಲು.
ಐದನೆಯದು ಒಮ್ಮೊಮ್ಮೆ ಸಿಗುವುದಿಲ್ಲ.
ಹುಡುಕುತ್ತಿರುವಾಗಲೇ ಉಸಿರು ಮನೆಗೆ ಬಂದಿರುತ್ತದೆ
ಊರು ಸುತ್ತಿದ ಬೆಕ್ಕಿನ ಹಾಗೆ, ಏನೂ ಆಗದವರಂತೆ.

ರಸೀದಿಯ ಬೆನ್ನಿಗೆ ಬರೆದು ಕನ್ನಡಿಗೆ ಅಂಟಿಸಿದೆ:
ತಪ್ಪು ತಿರುಗಿದವಳದಲ್ಲ.
ನಂಬಿ ಬರೆದದ್ದಲ್ಲ.
ಔಷಧ ನಂಬಿಕೆ ಕೇಳುವುದಿಲ್ಲವಲ್ಲ,
ಹೊತ್ತಿಗೆ ಸರಿಯಾಗಿ ನುಂಗಿದರಾಯಿತು.

ಪಕ್ಕದ ಮನೆಯ ಯೆರ್ಕೊ, ದೋಣಿ ರಿಪೇರಿಯ ಮುದುಕ,
ಸಂಜೆ ಆರಕ್ಕೆ ಗೋಡೆಗೆ ಎರಡು ಸಲ ಕುಟ್ಟುತ್ತಾನೆ.
ನಾನೂ ಎರಡು ಕುಟ್ಟಬೇಕು. ಅದು ನಮ್ಮ ಕರಾರು.
ಒಂದು ದಿನ ಕುಟ್ಟಲಿಲ್ಲ.
ಬೂಟು ಹಾಕಿಕೊಳ್ಳುವಷ್ಟೂ ತಡೆಯದೆ ಹಿಮ ತುಳಿದು ಬಂದ.
ಏನೂ ಕೇಳಲಿಲ್ಲ.
ಕೂತು ಆಲೂಗಡ್ಡೆ ಸುಲಿದ,
ಇಬ್ಬರಿಗೆ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ.

ಬಾಗಿಲಿಂದ ಅಂಗಡಿಗೆ ಹನ್ನೊಂದು ದೀಪದ ಕಂಬ.
ಆಗಸ್ಟಿನಲ್ಲಿ ಒಂದು ಮುಟ್ಟಿ ಬಂದೆ.
ಸೆಪ್ಟೆಂಬರಿಗೆ ನಾಲ್ಕು.
ನಿನ್ನೆ ಮೂರನೆಯದರಿಂದಲೇ ಓಡಿಬಂದು ಬಾಗಿಲು ಹಾಕಿಕೊಂಡೆ.
ಅದನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದೆ:
ಮೂರು. ಸೊನ್ನೆಯಲ್ಲ.

ಈಗ ನವೆಂಬರ್, ಗಾಳಿಯ ಕಾಲ.
ಚೌಕದ ಮೂಲೆಗೆ ನಗರಸಭೆಯವರು ಹಗ್ಗ ಕಟ್ಟಿದ್ದಾರೆ.
ಹಗ್ಗ ಕಂಡು ಹಾವೆಂದು ಹೆದರುವುದು ಬೇರೆ ಊರಿನ ಮಾತು;
ನಮ್ಮ ಚಳಿಗೆ ಹಾವುಗಳು ಬರುವುದಿಲ್ಲ.
ಇಲ್ಲಿ ಬ್ಯಾಂಕಿನ ಮ್ಯಾನೇಜರು, ಪಾದ್ರಿ, ಶಾಲೆಯ ಮಕ್ಕಳು
ಹಗ್ಗ ಹಿಡಿದು ಬೀದಿ ದಾಟುತ್ತಾರೆ, ನಾಚದೆ.
“ಇಷ್ಟು ಗಾಳಿಗೇ?” ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಇವತ್ತು ನಾನೂ ಹಿಡಿದೆ.
ನಡು ಬೀದಿ. ಹಿಂದೆ ಯಾರೋ ಕೆಮ್ಮಿದರು.
ಹಗ್ಗ ನಡುಗಿತು, ಅವರ ಕೈಯಿಂದಲೋ ನನ್ನದರಿಂದಲೋ.
ಪಾದ ನೋಡಿಕೊಂಡೆ.
ತಿರುಗಿದೆ.

ಮುದುಕಿಯೊಬ್ಬಳು. ಟೋಪಿ ಹಾರಿಹೋಗಿ ಕೂದಲೆಲ್ಲ ಬಾಯಿಗೆ.
“ಅಂಗಡಿ ಯಾವಾಗ ತೆಗೀತೀಯೇ?” ಕೂಗಿದಳು.
ನಾನು ಹೇಳಿದ್ದನ್ನು ಗಾಳಿ ಎತ್ತಿಕೊಂಡು ಹೋಯಿತು.
ಒಳ್ಳೆಯದೇ ಆಯಿತು,
ಏನು ಹೇಳಿದೆನೆಂದು ನನಗೂ ಕೇಳಿಸಲಿಲ್ಲ.